ಉದುರಿದ ಹೂವೂ ಉಪವಾಸದ ದಿನವೂ

ಉಪವಾಸವೆಂದರೆ ಕೇವಲ ಅನ್ನಪಾನಗಳ ತ್ಯಾಗವಲ್ಲ. ಐದು ಇಂದ್ರಿಯಗಳೂ ತಮ್ಮ ತಮ್ಮ ವಿಷಯಗಳಲ್ಲಿನ ಔತ್ಸುಕ್ಯವನ್ನು ಬಿಟ್ಟು, ಹಿಂದಿರುಗಿ ಬಂದು ಒಳಗೆ ನೆಲೆಸುವುದೇ ಉಪವಾಸವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಆ ಶಬ್ದದ ಅರ್ಥವನ್ನು ಬಿಡಿಸಿದ್ದಾರೆ. ಸಮಂತಭದ್ರಸ್ವಾಮಿಗಳು ರತ್ನಕರಂಡ ಶ್ರಾವಕಾಚಾರದಲ್ಲಿ ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸವನ್ನು ವಿವರಿಸುತ್ತಾ, ಆ ದಿನ ಶ್ರಾವಕನು ಬಿಡಬೇಕಾದವುಗಳನ್ನು ಎಣಿಸಿದ್ದಾರೆ. ಪಂಚಪಾಪಗಳು, ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನ, ಅಂಜನ, ನಸ್ಯ ಇವೆಲ್ಲವೂ ಅಂದು ವರ್ಜ್ಯ. ಈ ಪಟ್ಟಿಯಲ್ಲಿ ಪುಷ್ಪವೂ ಸೇರಿರುವುದನ್ನು ವ್ರತಧಾರಿಗಳು ಗಮನಿಸಬೇಕು.

ಹೂವನ್ನು ಮುಡಿಯದೆ, ಮೂಸದೆ, ಕೊಯ್ಯದೆ ಇದ್ದರೆ ಈ ನಿಯಮವು ಪಾಲಿಸಲ್ಪಟ್ಟಿತೆಂದು ಹಿಂದಿನ ಕಾಲದ ಗೃಹಸ್ಥನು ನಿಶ್ಚಿಂತನಾಗಿರುತ್ತಿದ್ದನು. ಇಂದು ಮನೆಮನೆಯಲ್ಲಿಯೂ, ಕೈಕೈಯಲ್ಲಿಯೂ ಮೊಬೈಲ್ ಇದೆ. ಅದರಲ್ಲಿ ಕ್ಯಾಮರಾ ಇದೆ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವು ನಡೆಯುವ ಹೊತ್ತಿಗೇ ಹಿತ್ತಿಲ ಪಾರಿಜಾತವು ಅರಳತೊಡಗುತ್ತದೆ. ಮುಸ್ಸಂಜೆಯಲ್ಲಿ ಬಿರಿದು, ಇರುಳೆಲ್ಲ ಪರಿಮಳವನ್ನು ಸೂಸಿ, ಬೆಳಗಾಗುವಷ್ಟರಲ್ಲಿ ಬಿಳಿಯ ದಳ, ಕೇಸರಿ ಬಣ್ಣದ ತೊಟ್ಟುಗಳೊಡನೆ ನೆಲದ ಮೇಲೆ ಹರಡಿಕೊಳ್ಳುವ ಹೂವದು. ಬಾದಾಮಿ ಮರದ ಅಗಲವಾದ ಎಲೆಗಳು ಉದುರುವ ಮುನ್ನ ಕೆಂಪೇರುತ್ತವೆ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಮಕ್ಕಳು ಅಲ್ಲಿನ ಶರತ್ಕಾಲದಲ್ಲಿ ಹೊಂಬಣ್ಣಕ್ಕೂ ಕೆಂಬಣ್ಣಕ್ಕೂ ತಿರುಗಿದ ಮೇಪಲ್ ಎಲೆಗಳ ಚಿತ್ರಗಳನ್ನು ತೆಗೆದು ಊರಿನ ಹಿರಿಯರಿಗೆ ಕಳುಹಿಸುತ್ತಾರೆ. ಕೊಯ್ಯದೆ, ಕಡಿಯದೆ, ತಾನಾಗಿ ಬಿದ್ದುದನ್ನು ಚಿತ್ರ ತೆಗೆದರೆ ವ್ರತಕ್ಕೆ ಕುಂದುಂಟೇ ಎಂಬ ಪ್ರಶ್ನೆ ಹೀಗೆ ಸಹಜವಾಗಿಯೇ ಹುಟ್ಟುತ್ತದೆ.

ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ವ್ರತವು ಸಡಿಲವಾಗುವುದು ದೊಡ್ಡ ಪಾಪಗಳಿಂದಲ್ಲ. ಇದರಲ್ಲೇನು ದೋಷವಿದೆ ಎಂದು ಶ್ರಾವಕನು ವಿಚಾರಿಸದೆ ಬಿಟ್ಟ ಸಣ್ಣ ಸಂಗತಿಗಳಿಂದಲೇ ಅದು ಸಡಿಲವಾಗುತ್ತದೆ.

ಮೊದಲು ಬಾಹ್ಯಹಿಂಸೆಯ ವಿಚಾರವನ್ನು ನೋಡಬೇಕು. ವನಸ್ಪತಿಯು ಏಕೇಂದ್ರಿಯ ಜೀವ. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಬಳ್ಳಿಗಳನ್ನು ಚಿವುಟುವುದು ಇವೆಲ್ಲವೂ ಪ್ರಮಾದಚರ್ಯೆ ಎಂಬ ಅನರ್ಥದಂಡ. ಈ ದೃಷ್ಟಿಯಿಂದ ನೋಡಿದರೆ, ಕೊಂಬೆಯಲ್ಲಿದ್ದ ಹೂವನ್ನು ಕಿತ್ತು ಹೂದಾನಿಯಲ್ಲಿ ಸಿಕ್ಕಿಸುವುದಕ್ಕಿಂತ, ಬಿದ್ದ ಹೂವನ್ನು ಬಿದ್ದಲ್ಲಿಯೇ ಕಂಡು ಸಂತೋಷಪಡುವುದು ಮೇಲಾದುದೇ ಸರಿ. ಕ್ಯಾಮರಾದ ವಿಷಯದಲ್ಲಿಯೂ ಕಾಲವು ಒಂದು ದೋಷವನ್ನು ಕಡಿಮೆ ಮಾಡಿದೆ. ಹಿಂದಿನ ಫಿಲ್ಮಿನ ಮೇಲೆ ಬೆಳ್ಳಿಯ ಲವಣಗಳನ್ನು ಹಿಡಿದಿಡುತ್ತಿದ್ದ ಜಿಲೆಟಿನ್ ಎಂಬ ಪದಾರ್ಥವು ಪ್ರಾಣಿಗಳ ಚರ್ಮ, ಎಲುಬುಗಳಿಂದ ತಯಾರಾಗುತ್ತಿತ್ತು. ಇಂದಿನ ಡಿಜಿಟಲ್ ಚಿತ್ರಕ್ಕೆ ಅಂತಹ ಫಿಲ್ಮೇ ಬೇಕಿಲ್ಲ.

ಆದರೆ ಅಲ್ಲಿಗೇ ಹಿಂಸೆಯ ವಿಚಾರವು ಮುಗಿಯುವುದಿಲ್ಲ. ಆಷಾಢದಿಂದ ಕಾರ್ತಿಕದವರೆಗಿನ ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನಿಲ್ಲುವುದು ಏತಕ್ಕೆ? ಮಳೆಯಿಂದ ತೇವವಾದ ನೆಲವು ಜೀವರಾಶಿಯಿಂದ ತುಂಬಿರುತ್ತದೆ ಎಂಬುದಕ್ಕೆ. ಉದುರಿದ ಎಲೆಯ ಕೆಳಗೆ ಎರಡಿಂದ್ರಿಯದ ಹುಳುವಿದೆ, ಮೂರಿಂದ್ರಿಯದ ಇರುವೆಯಿದೆ. ಹೂವಿನಲ್ಲಿ ನಾಲ್ಕಿಂದ್ರಿಯದ ದುಂಬಿಯಿರಬಹುದು. ಒಳ್ಳೆಯ ಚಿತ್ರಕ್ಕಾಗಿ ನೆಲಕ್ಕೆ ಮೊಣಕಾಲೂರಿ, ಅತ್ತಿತ್ತ ಸರಿದು, ಹೂಗಳನ್ನು ಒಂದೆಡೆ ಗುಡ್ಡೆಮಾಡಿ, ಎಲೆಗಳನ್ನು ಆಯ್ದು ಹರಡುವವನ ಕಣ್ಣು ಗಾಜಿನ ಮೇಲಿರುತ್ತದೆಯೇ ಹೊರತು ನೆಲದ ಮೇಲಿರುವುದಿಲ್ಲ. ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಮೊದಲ ಮೂರು ಯಾವುವು? ಕಣ್ಣಿಂದ ನೋಡದೆ, ಮೃದುವಾಗಿ ಒರೆಸದೆ ವಸ್ತುವನ್ನು ತೆಗೆದುಕೊಳ್ಳುವುದು, ಹಾಗೆಯೇ ಇಡುವುದು, ಹಾಗೆಯೇ ಹಾಸುವುದು. ಉಳಿದೆರಡು ಅನಾದರ ಮತ್ತು ವಿಸ್ಮರಣೆ. ಹೂವಿನ ಚಿತ್ರದ ಸಂಭ್ರಮದಲ್ಲಿ ಎತ್ತುವುದು, ಇಡುವುದು, ಹರಡುವುದು ಮೂರೂ ನಡೆಯುತ್ತವೆ. ಇಂದು ತನಗೆ ಉಪವಾಸವೆಂಬುದೂ ಮರೆತುಹೋದರೆ ಐದೂ ಅತಿಚಾರಗಳು ಒಂದೇ ಮುಂಜಾವಿನಲ್ಲಿ ಪೂರ್ಣವಾದಂತೆ. ಇನ್ನು ಹೂವು ಸಾಲದೆಂದು ಕೊಂಬೆಯನ್ನು ಅಲುಗಿಸಿದರೆ ಅದು ಬಿದ್ದ ಹೂವಲ್ಲ, ಬೀಳಿಸಿದ ಹೂವು.

ಎರಡನೆಯದು ಪರಿಗ್ರಹದ ವಿಚಾರ. ಒಮ್ಮೆ ಅನುಭವಿಸಿ ಬಿಡುವಂತಹುದು ಭೋಗ, ಮತ್ತೆ ಮತ್ತೆ ಅನುಭವಿಸುವಂತಹುದು ಉಪಭೋಗ. ಹೂವು ಭೋಗದ್ರವ್ಯ, ಸಂಜೆಗೆ ಬಾಡಿಹೋಗುವುದರಿಂದ ಅದರ ಮೇಲಿನ ರಾಗಕ್ಕೆ ಪ್ರಕೃತಿಯೇ ಒಂದು ಮಿತಿಯನ್ನು ಹಾಕಿದೆ. ಅದರ ಚಿತ್ರವನ್ನು ತೆಗೆದಾಗ ಭೋಗವು ಉಪಭೋಗವಾಗಿ ಮಾರ್ಪಡುತ್ತದೆ. ಒಂದು ದಿನದ ಹೂವು ವರ್ಷಗಟ್ಟಲೆ ನೋಡಬಹುದಾದ, ಎಣಿಸಬಹುದಾದ, ಇತರರಿಗೆ ತೋರಿಸಿ ಹೊಗಳಿಸಿಕೊಳ್ಳಬಹುದಾದ ಸ್ವತ್ತಾಗುತ್ತದೆ. ಹಿಂದೆ ಒಂದು ಫಿಲ್ಮ್ ಸುರುಳಿಯಲ್ಲಿ ಹೆಚ್ಚೆಂದರೆ 36 ಚಿತ್ರಗಳು ಬರುತ್ತಿದ್ದವು. ಹಣದ ಭಯವೇ ಪರಿಮಾಣವ್ರತದ ಕೆಲಸವನ್ನು ಮಾಡುತ್ತಿತ್ತು. ಈಗ ಒಂದೇ ಹೂವಿಗೆ ನಲವತ್ತು ಚಿತ್ರಗಳನ್ನು ತೆಗೆದರೂ ಕೇಳುವವರಿಲ್ಲ. ಹೊರಗಿನ ಮಿತಿಯು ತೊಲಗಿದಾಗ ಒಳಗಿನ ಮಿತಿಯು ಬೇಕಾಗುತ್ತದೆ. ಪರಿಮಾಣವ್ರತವು ಇರುವುದೇ ಅದಕ್ಕಾಗಿ.

ಇಷ್ಟನ್ನು ಕೇಳಿದವರು, ಹಾಗಾದರೆ ಉದುರಿದ ಹೂವನ್ನೂ ಎಲೆಯನ್ನೂ ನೋಡುವುದೇ ಸಲ್ಲದೇ ಎಂದು ಕೇಳಬಹುದು. ಅದು ಆಗಮದ ಅಭಿಪ್ರಾಯವಲ್ಲ. ನೋಡುವ ರೀತಿಯೊಂದಿದೆ ಎಂಬುದಕ್ಕೆ ಪುರಾಣಪುರುಷರೇ ಸಾಕ್ಷಿ. ತಿಲೋಯಪಣ್ಣತ್ತಿಯಲ್ಲಿ ತೀರ್ಥಂಕರರ ವೈರಾಗ್ಯಕ್ಕೆ ಕಾರಣಗಳನ್ನು ಹೇಳಿದೆ. ಕೆಲವರಿಗೆ ಉಲ್ಕಾಪಾತ, ಕೆಲವರಿಗೆ ಮೋಡವು ಕರಗಿದುದು ಕಾರಣ. ಏಳನೆಯ ತೀರ್ಥಂಕರರಾದ ಸುಪಾರ್ಶ್ವನಾಥರಿಗೂ ಹನ್ನೊಂದನೆಯವರಾದ ಶ್ರೇಯಾಂಸನಾಥರಿಗೂ ವಸಂತದ ವನಲಕ್ಷ್ಮಿಯು ಅಳಿದುದೇ ಕಾರಣವಾಯಿತು. ಮೊನ್ನೆಯವರೆಗೆ ಹೂವು ಚಿಗುರುಗಳಿಂದ ತುಂಬಿದ್ದ ವನವು ಬರಿದಾದುದನ್ನು ಸಾವಿರಾರು ಜನರು ಕಂಡಿರಬೇಕು. ಹೂವು ಹೋದರೆ ಮುಂದಿನ ವರ್ಷ ಬಂದೀತು ಎಂದು ಅವರು ಮನೆಗೆ ಹೋದರು. ಆ ಇಬ್ಬರು ಮಹಾತ್ಮರಾದರೋ ಅಳಿವನ್ನು ಅಳಿವೆಂದೇ ಕಂಡು, ಅರಮನೆಗೆ ಹಿಂದಿರುಗದೆ ದೀಕ್ಷೆಯ ಕಡೆಗೆ ನಡೆದರು.

ಆದಿನಾಥ ಸ್ವಾಮಿಯ ಕಥೆಯು ಈ ವಿಚಾರಕ್ಕೆ ಇನ್ನೂ ಹತ್ತಿರವಾದುದು. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿಯೂ, ಪಂಪನು ಕ್ರಿ. ಶ. 941ರಲ್ಲಿ ರಚಿಸಿದ ಆದಿಪುರಾಣದಲ್ಲಿಯೂ ಬಂದಿರುವ ನೀಲಾಂಜನೆಯ ಪ್ರಸಂಗವನ್ನು ಬಲ್ಲವರು ಅನೇಕರು. ಋಷಭದೇವನ ಆಸ್ಥಾನದಲ್ಲಿ ನರ್ತಿಸುತ್ತಿರುವಾಗಲೇ ಆಕೆಯ ಆಯುಷ್ಯವು ಮುಗಿದು, ದೇಹವು ಮಿಂಚಿನಂತೆ ಮಾಯವಾಯಿತು. ರಸಭಂಗವಾಗಬಾರದೆಂದು ಇಂದ್ರನು ಅದೇ ಕ್ಷಣದಲ್ಲಿ ಅವಳಂತೆಯೇ ಇರುವ ಮತ್ತೊಬ್ಬಳನ್ನು ಅಲ್ಲಿ ತಂದು ನಿಲ್ಲಿಸಿದನು. ಅದೇ ರೂಪ, ಅದೇ ಹೆಜ್ಜೆ, ಅದೇ ತಾಳ. ಸಭೆಗೆ ಏನೂ ತಿಳಿಯಲಿಲ್ಲ. ಋಷಭದೇವನಿಗೆ ಮಾತ್ರ ತಿಳಿಯಿತು. ಹೋದವಳು ಹೋದಳೆಂಬುದನ್ನು ಬಂದವಳ ರೂಪವು ಅವನಿಂದ ಮರೆಮಾಡಲಾರದೆ ಹೋಯಿತು. ಅದೇ ಅವನ ವೈರಾಗ್ಯಕ್ಕೆ ಕಾರಣವಾಯಿತು.

ಇಂದು ಕೈಯಲ್ಲಿರುವ ಚಿತ್ರವು ಇಂದ್ರನು ನಿಲ್ಲಿಸಿದ ಆ ಎರಡನೆಯ ನರ್ತಕಿ. ಹೂವು ಬಾಡಿತು; ಚಿತ್ರದ ಹೂವು ಬಾಡಲಿಲ್ಲ. ಎಲೆಯು ಮಣ್ಣಾಯಿತು, ಚಿತ್ರದ ಎಲೆಯು ಕೆಂಪಾಗಿಯೇ ಇದೆ. ರಸಭಂಗವಾಗಲಿಲ್ಲವೆಂದು ಮನಸ್ಸು ಸಮಾಧಾನಗೊಳ್ಳುತ್ತದೆ. ಸತ್ತಿನ ಲಕ್ಷಣವು ಉತ್ಪಾದ, ವ್ಯಯ, ಧ್ರೌವ್ಯ ಈ ಮೂರೂ ಕೂಡಿದುದೆಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಪರ್ಯಾಯವು ಹುಟ್ಟುತ್ತದೆ, ಅಳಿಯುತ್ತದೆ, ದ್ರವ್ಯವು ಉಳಿಯುತ್ತದೆ. ಅಳಿಯುವ ಪರ್ಯಾಯವನ್ನೇ ಉಳಿಸಿಕೊಂಡೆನೆಂಬ ಭ್ರಮೆಯನ್ನು ಚಿತ್ರವು ಹುಟ್ಟಿಸಿದರೆ, ಅದು ನೋಡುವವನನ್ನು ಆಸ್ಥಾನದ ಸಭಿಕರ ಸಾಲಿನಲ್ಲಿ ಕುಳ್ಳಿರಿಸುತ್ತದೆ. ಅದೇ ಚಿತ್ರವು ಇದು ಅಳಿದುಹೋಯಿತಲ್ಲ ಎಂದು ನೆನಪಿಸಿದರೆ ಅನಿತ್ಯಾನುಪ್ರೇಕ್ಷೆಗೆ ಸಹಾಯವಾಗುತ್ತದೆ. ದೋಷವಾಗಲಿ ಗುಣವಾಗಲಿ ಇರುವುದು ಯಂತ್ರದಲ್ಲಲ್ಲ, ನೋಡುವವನ ಪರಿಣಾಮದಲ್ಲಿ.

ಇದನ್ನು ಮನದಟ್ಟು ಮಾಡಿಕೊಳ್ಳಲು ಒಂದು ಮನೆಯನ್ನು ದೃಷ್ಟಾಂತವಾಗಿ ಊಹಿಸಿಕೊಳ್ಳಬಹುದು. ವೃದ್ಧೆಯಾದ ತಾಯಿ ಬೇನೆಯಿಂದ ಹಾಸಿಗೆ ಹಿಡಿದಿದ್ದಾಳೆ. ಹಿತ್ತಿಲ ಪಾರಿಜಾತವು ಅವಳೇ ನೆಟ್ಟು ನೀರೆರೆದು ಬೆಳೆಸಿದ ಗಿಡ. ಈಗ ಅಲ್ಲಿಯವರೆಗೆ ನಡೆಯುವ ಶಕ್ತಿಯಿಲ್ಲ. ವೈದ್ಯರು ಹೇಳಿದ ಮಾತನ್ನು ಮಗನು ಅವಳಿಗೆ ಹೇಳಿಲ್ಲ. ಅವಳು ಕೇಳಿಯೂ ಇಲ್ಲ, ಆದರೆ ತಿಳಿದಿದ್ದಾಳೆ. ದಿನವೂ ಬೆಳಿಗ್ಗೆ ಮಗನು ಉದುರಿದ ಹೂಗಳ ಚಿತ್ರವನ್ನು ತೆಗೆದು ತಂದು ತೋರಿಸುತ್ತಾನೆ. ಅವಳು ನೋಡಿ ನಗುತ್ತಾಳೆ. ಚತುರ್ದಶಿಯ ದಿನ ಮಾತ್ರ ಚಿತ್ರವನ್ನು ನೋಡಿ, “ಬೆಳಗಿನದನ್ನು ತೋರಿಸಿದೆಯಪ್ಪಾ, ಸಂಜೆಯದು ಎಲ್ಲಿ?” ಎಂದು ಕೇಳುತ್ತಾಳೆ. “ಸಂಜೆಗೆ ಬಾಡಿರುತ್ತದವ್ವಾ, ಅದನ್ನೇನು ನೋಡುತ್ತೀ?” ಎನ್ನುತ್ತಾನೆ ಮಗ. “ಬಾಡಿದುದನ್ನು ನೋಡಲು ನಿನಗೆ ಭಯ. ನನಗೆ ಅದೇ ಈಗ ಬೇಕಾದ ಪಾಠ. ಅದನ್ನೂ ತೋರಿಸು, ಆಮೇಲೆ ಹತ್ತಿರ ಕುಳಿತು ಬಾರಹ ಭಾವನೆಯನ್ನು ಓದು” ಎನ್ನುತ್ತಾಳೆ ತಾಯಿ.

ಮಗನಲ್ಲಿ ಪ್ರೀತಿಯ ಕೊರತೆಯಿರಲಿಲ್ಲ. ತಾಯಿಗೆ ನೋವಾಗಬಾರದೆಂದು ಅವನು ಬಾಡದ ಹೂವನ್ನು ಆಯ್ದು ತರುತ್ತಿದ್ದನು. ತಾಯಿಯನ್ನು ಕಳೆದುಕೊಳ್ಳಲಾರದೆ, ಕಳೆದುಕೊಳ್ಳುವ ಮಾತನ್ನೇ ಮನೆಯಿಂದ ದೂರವಿಟ್ಟಿದ್ದನು. ಆದರೆ ತಾಯಿಗೆ ಉಳಿದಿದ್ದ ಅಲ್ಪಕಾಲದಲ್ಲಿ ಬೇಕಾದುದು ರಸಭಂಗವಿಲ್ಲದ ನೃತ್ಯವಲ್ಲ. ಸಮತಾಭಾವ, ಕ್ಷಮಾಯಾಚನೆ, ಜಿನಸ್ಮರಣೆ. ಮಕ್ಕಳು ಪ್ರೀತಿಯಿಂದಲೇ ಸತ್ಯವನ್ನು ಮುಚ್ಚಿಟ್ಟು, ಹಿರಿಯರಿಗೆ ಸಮಾಧಿಯ ಸಿದ್ಧತೆಗೆ ಬೇಕಾದ ದಿನಗಳನ್ನು ಕಳೆದುಬಿಡುವ ಪ್ರಸಂಗಗಳು ಇಂದಿನ ಕುಟುಂಬಗಳಲ್ಲಿ ವಿರಳವಲ್ಲ. ಹೂವಿನ ಚಿತ್ರದ ಪ್ರಶ್ನೆಯು ಸಣ್ಣದಲ್ಲವೆಂಬುದು ಇಲ್ಲಿ ತಿಳಿಯುತ್ತದೆ. ಬಾಡಿದ ಹೂವನ್ನು ನೋಡಲು ಅಭ್ಯಾಸವಿಲ್ಲದ ಕಣ್ಣು ಬಾಡುತ್ತಿರುವ ದೇಹವನ್ನು, ಅದು ತನ್ನದಾಗಲಿ ತನ್ನವರದಾಗಲಿ, ನೇರವಾಗಿ ನೋಡಲಾರದು.

ಮರದ ಎಲೆಯಾದರೂ ಒಂದು ಪಾಠವನ್ನು ಹೇಳುತ್ತದೆ. ಎಲೆಯು ಗಾಳಿಯ ಬಲದಿಂದಲೇ ಕಿತ್ತುಹೋಗುವುದೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಮರವು ಮೊದಲೇ ಸಿದ್ಧತೆಯನ್ನು ನಡೆಸಿರುತ್ತದೆ. ಎಲೆಯಲ್ಲಿರುವ ಪತ್ರಹರಿತ್ತು ಕ್ಷೀಣಿಸುತ್ತದೆ. ಅಲ್ಲಿದ್ದ ಸಾರಜನಕವೇ ಮೊದಲಾದ ಪೋಷಕಾಂಶಗಳಲ್ಲಿ ಬಹುಭಾಗವು ಕಾಂಡಕ್ಕೆ ಹಿಂದಿರುಗುತ್ತದೆ. ಹಸಿರಿನ ಹಿಂದೆ ಅಡಗಿದ್ದ ಹಳದಿಯು ಆಗ ತೋರುತ್ತದೆ. ತೊಟ್ಟಿನ ಬುಡದಲ್ಲಿ ಬೇರ್ಪಡಿಸುವ ಒಂದು ಪದರವು ಬೆಳೆಯುತ್ತದೆ. ಆಮೇಲೆ ಒಂದು ಸಣ್ಣ ಗಾಳಿಯು ಸಾಕು. ಕಿತ್ತ ಹಸಿರೆಲೆಯ ಬುಡದಲ್ಲಿ ಗಾಯವು ಉಳಿಯುತ್ತದೆ; ಪಕ್ವವಾಗಿ ಉದುರಿದ ಎಲೆಯ ಬುಡವು ಬೀಳುವ ಹೊತ್ತಿಗೆ ಮುಚ್ಚಿಕೊಳ್ಳುತ್ತಿರುತ್ತದೆ. ವ್ರತಗಳ ಮೂಲಕ ಸ್ವಲ್ಪಸ್ವಲ್ಪವಾಗಿ ಬಿಡುವುದನ್ನು ಕಲಿತವನಿಗೂ, ಕಡೆಯ ಗಳಿಗೆಯಲ್ಲಿ ಎಲ್ಲವೂ ಬಲಾತ್ಕಾರವಾಗಿ ಕಿತ್ತುಹೋಗುವವನಿಗೂ ಇರುವ ಅಂತರವು ಇದೇ. ಉಪವಾಸವು ಆ ಬೇರ್ಪಡೆಯ ಅಭ್ಯಾಸ.

ಆದುದರಿಂದ ಹೂವು ಎಲೆಗಳ ಚಿತ್ರವನ್ನು ತೆಗೆಯುವ ಅಭಿರುಚಿಯುಳ್ಳ ಶ್ರಾವಕ ಶ್ರಾವಿಕೆಯರು ಅದನ್ನು ವ್ರತಕ್ಕೆ ಅನುಕೂಲವಾಗುವಂತೆ ತಿದ್ದಿಕೊಳ್ಳಬಹುದು. ಆಜೀವನವಾದ ತ್ಯಾಗವು ಯಮ. ದಿನ, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿಕೊಂಡ ತ್ಯಾಗವು ನಿಯಮ. ಈ ವಿಷಯದಲ್ಲಿ ನಿಯಮವೇ ಸಾಕು. ಅಷ್ಟಮಿ, ಚತುರ್ದಶಿಗಳಲ್ಲಿಯೂ ದಶಲಕ್ಷಣದ ಹತ್ತು ದಿನಗಳಲ್ಲಿಯೂ ಚಿತ್ರ ತೆಗೆಯುವುದನ್ನು ಬಿಟ್ಟು, ಹೂವಿನ ಮುಂದೆ ದೂರದಲ್ಲಿ ನಿಂತು ಅನಿತ್ಯಾನುಪ್ರೇಕ್ಷೆಯನ್ನು ಚಿಂತಿಸಬಹುದು. ಉಳಿದ ದಿನಗಳಲ್ಲಿ ಇಷ್ಟೇ ಚಿತ್ರಗಳೆಂದು ಪರಿಮಾಣವನ್ನು ಮಾಡಿಕೊಳ್ಳಬಹುದು. ಕಾಲಿಡುವ ಮುನ್ನ ನೆಲವನ್ನು ನೋಡಬೇಕು; ಹೂವು ಎಲ್ಲಿ ಬಿದ್ದಿದೆಯೋ ಅಲ್ಲಿಯೇ ಇರಬೇಕು; ಕೊಂಬೆಯನ್ನು ಮುಟ್ಟಬಾರದು. ಬೆಳಗಿನ ಹೂವಿನ ಚಿತ್ರವನ್ನು ತೆಗೆದವರು ಸಂಜೆ ಅದೇ ಹೂವಿನ ಬಳಿಗೆ ಮತ್ತೊಮ್ಮೆ ಹೋಗಿ ಬರಬೇಕು. ಕಂದಿದ ದಳವನ್ನು ಮಕ್ಕಳಿಗೂ ತೋರಿಸಬೇಕು. ಪರ್ವದ ಒಂಬತ್ತನೆಯ ದಿನವಾದ ಉತ್ತಮ ಆಕಿಂಚನ್ಯದಂದು, ಕೂಡಿಟ್ಟ ಚಿತ್ರಗಳಲ್ಲಿ ಬೇಡವಾದವುಗಳನ್ನು ಅಳಿಸಿ, ಇದಾವುದೂ ನನ್ನದಲ್ಲವೆಂದು ಭಾವಿಸುವುದು ಒಂದು ಸಣ್ಣ ಅಭ್ಯಾಸ. ಅಳಿಸುವಾಗ ಕೈ ಹಿಂಜರಿದರೆ, ರಾಗವು ಎಲ್ಲಿ ಅಂಟಿಕೊಂಡಿದೆಯೆಂಬುದು ಆ ಕ್ಷಣದಲ್ಲಿಯೇ ತಿಳಿಯುತ್ತದೆ.

ಪಾರಿಜಾತವು ನಾಳೆಯೂ ಅರಳುತ್ತದೆ, ನಾಳೆಯೂ ಉದುರುತ್ತದೆ. ಮನುಷ್ಯಪರ್ಯಾಯವೂ ಜಿನಧರ್ಮದ ಶ್ರವಣವೂ ಹಾಗೆ ದಿನದಿನವೂ ದೊರೆಯುವಂತಹವಲ್ಲ. ಬೋಧಿದುರ್ಲಭಭಾವನೆಯು ಹೇಳುವುದು ಇದನ್ನೇ. ದೊರೆತಿರುವಾಗ ಅಳಿಯುವುದನ್ನು ಅಳಿಯುವುದೆಂದೂ ಉಳಿಯುವ ಆತ್ಮನನ್ನು ಉಳಿಯುವುದೆಂದೂ ತಿಳಿಯುವ ಕಣ್ಣು ಪ್ರತಿಯೊಬ್ಬ ಶ್ರಾವಕನಿಗೂ ಲಭಿಸಲಿ. ಸರ್ವರಿಗೂ ಸದ್ಧರ್ಮವೃದ್ಧಿಯಾಗಲಿ.