ಹತ್ತಿರದ ಉತ್ತರ

ಕೊಪ್ಪದ ಕಡೆಯ ಶಾಲೆಯೊಂದರಲ್ಲಿ ನಾನು ಸಮಾಜ ಪಾಠ ಮಾಡುತ್ತಿದ್ದ ಕಾಲ. ಗಣಿತದ ಮೇಷ್ಟ್ರು ರಜೆ ಹಾಕಿದಾಗಲೆಲ್ಲ ಅವರ ಪೀರಿಯಡ್ಡು ನನ್ನ ತಲೆಗೆ. ಒಮ್ಮೆ ಕಿರುಪರೀಕ್ಷೆಯಲ್ಲಿ ಪೈ ಬೆಲೆ ಎಷ್ಟೆಂದು ಕೇಳಿದ್ದೆ. ಎಲ್ಲರೂ 22/7 ಎಂದು ಬರೆದರು. ಕುಲುಮೆ ಇಟ್ಟಿದ್ದವರೊಬ್ಬರ ಮಗಳು ಮಾತ್ರ '22/7ಕ್ಕೆ ಹತ್ತಿರ' ಎಂದು ಬರೆದಿದ್ದಳು. 'ಹತ್ತಿರ'ವನ್ನು ಕೆಂಪು ಶಾಯಿಯಲ್ಲಿ ಹೊಡೆದು ಅರ್ಧ ಅಂಕ ಕಳೆದೆ. ಸಾಲದ್ದಕ್ಕೆ, "ಲೆಕ್ಕದಲ್ಲಿ ಹತ್ತಿರ ಗಿತ್ತಿರ ಇಲ್ಲ ಕಣೇ" ಎಂದು ಎಲ್ಲರೆದುರು ಹೇಳಿದೆ.

"ಗಾಡಿ ಚಕ್ರಕ್ಕೆ ಪಟ್ಟಿ ಹಾಕುವಾಗ ನಮ್ಮಪ್ಪಯ್ಯ ಲೆಕ್ಕ ನಂಬೋದಿಲ್ಲ ಟೀಚರ್, ಸುತ್ತ ಹುರಿ ಹಿಡಿದೇ ಅಳೀತಾರೆ" ಎಂದಳು. ಮಕ್ಕಳು ನಕ್ಕರು. ನಾನೂ ನಕ್ಕಿರಬೇಕು.

ಆದರೆ ಮಾತು ಕೊರೆಯತೊಡಗಿ ಆ ವಾರವೇ ಪುಸ್ತಕ ಹುಡುಕಿದೆ. ನೃಪತುಂಗ, ಕವಿರಾಜಮಾರ್ಗ ಎಂದು ವರ್ಷವರ್ಷವೂ ಪಾಠ ಹೇಳಿದವಳಿಗೆ, ಅದೇ ರಾಷ್ಟ್ರಕೂಟ ದೊರೆಯ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದದ್ದು ಗೊತ್ತಿರಲಿಲ್ಲ. ಸುತ್ತಳತೆ ಅಗಲದ ಮೂರರಷ್ಟು ಎನ್ನುವುದು ಅವನಿಗೆ ಒರಟು ಲೆಕ್ಕ. ಹತ್ತರ ವರ್ಗಮೂಲದಷ್ಟು ಎನ್ನುವುದು ಸೂಕ್ಷ್ಮ. ಏಳು ಮೊಳ ಅಗಲದ ದುಂಡುಬಾವಿಗೆ ಮೊದಲನೆಯದರಲ್ಲಿ 21 ಮೊಳ, ಎರಡನೆಯದರಲ್ಲಿ ಸುಮಾರು 22.14. ನಮ್ಮ ಶಾಲೆಯ 22 ಇವೆರಡಕ್ಕಿಂತಲೂ ನಿಜಕ್ಕೆ ಸಮೀಪ. ಸೂಕ್ಷ್ಮ ಎಂದು ಹೆಸರಿಟ್ಟ ಮಾತ್ರಕ್ಕೆ ಆಗಿಬಿಡುತ್ತದೆಯೇ! ಆದರೂ ಒರಟನ್ನು ಒರಟೆಂದೇ ಹೇಳಿಕೊಟ್ಟನಲ್ಲ. ಗ್ರೀಸಿನ ಆರ್ಕಿಮಿಡೀಸನಂತೂ ಬೆಲೆ 22/7ಕ್ಕಿಂತ ಕಡಿಮೆ, 223/71ಕ್ಕಿಂತ ಹೆಚ್ಚು ಎಂದು ಎರಡೂ ಕಡೆ ಬೇಲಿ ಹಾಕಿ ಬಿಟ್ಟ. ಆರ್ಯಭಟ 499ರಲ್ಲಿ, 20,000 ಅಗಲದ ವೃತ್ತಕ್ಕೆ ಸುತ್ತಳತೆ 62,832 ಎಂದು ಹೇಳಿ, ಅದನ್ನು 'ಆಸನ್ನ' ಎಂದು ಕರೆದ. ಆಸನ್ನ ಎಂದರೆ ಹತ್ತಿರ. ನಾನು ಹೊಡೆದುಹಾಕಿದ ಶಬ್ದ!

ಹಾಗಾದರೆ ಇಷ್ಟು ವರ್ಷ ನಾನು ಹೇಳಿದ್ದು ಸುಳ್ಳೇ? ಬಾವಿ ಕಟ್ಟುವವನಿಗೆ 22/7 ಧಾರಾಳವಾಗಿ ಸಾಕು. ತೀರಿಹೋದ ಅಜ್ಜ ಎಲ್ಲಿ ಎಂದು ಕೇಳುವ ಮಗುವಿಗೆ ದೇವರ ಹತ್ತಿರ ಹೋಗಿದ್ದಾರೆ ಎಂದು ನಾವೆಲ್ಲ ಹೇಳಿಲ್ಲವೇ? ಆದರೆ ಮಗು ತಾನೇ ನಿಜ ಹೇಳಿದಾಗ ಅದರ ಬಾಯಿ ಮುಚ್ಚಿಸುವುದು ಬೇರೆ. ನಾನು ಮಾಡಿದ್ದು ಅದನ್ನು.

ಸ್ಟಾಫ್ ರೂಮಿನಲ್ಲಿ ಕೂತು ಅರ್ಧ ಅಂಕ ಸೇರಿಸಿದೆ. ತರಗತಿಯಲ್ಲಿ ಹೇಳಲಿಲ್ಲ. ಪರೀಕ್ಷೆಯ ಹೊತ್ತು, ಮಕ್ಕಳಿಗೆ ಗೊಂದಲ ಬೇಡ ಎಂದುಕೊಂಡೆ. ಗೊಂದಲ ಬೇಡವಾಗಿದ್ದದ್ದು ಮಕ್ಕಳಿಗೋ ನನಗೋ!

ಮೊನ್ನೆ ನರಸಿಂಹರಾಜಪುರದಲ್ಲಿ ಬಸ್ಸು ಹತ್ತಿದಾಗ ಅವಳು ಸಿಕ್ಕಳು, ಪಕ್ಕದಲ್ಲಿ ಶಾಲೆಗೆ ಹೋಗುವ ಮಗಳು. "ಬನ್ನಿ ಟೀಚರ್, ಕೂತ್ಕೊಳ್ಳಿ" ಎಂದು ಮಗಳನ್ನು ಏಳಿಸಿ ಸೀಟು ಕೊಟ್ಟಳು. ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಇದ್ದೆ. ಕೊಪ್ಪ ಬಂತು, ಅವರಿಬ್ಬರೂ ಇಳಿದರು. ನಾನು ಶೃಂಗೇರಿಯವರೆಗೆ ಹೋಗಬೇಕಿತ್ತು.