ಬಿಟ್ಟು ಹೋಗುವ ಊರಿನ ಭಾಷೆ

ಕಲಿತ ಭಾಷೆ ಎಷ್ಟು ವರ್ಷ ಉಳಿಯುತ್ತದೆ? ಅಮೆರಿಕದ ಮನಃಶಾಸ್ತ್ರಜ್ಞ ಹ್ಯಾರಿ ಬಾರಿಕ್ ಇದನ್ನು ಅಳೆಯಲು ಹೊರಟಾಗ ಆರಿಸಿಕೊಂಡದ್ದು ಸ್ಪ್ಯಾನಿಷ್ ಭಾಷೆಯನ್ನು. ಶಾಲೆ ಕಾಲೇಜಿನಲ್ಲಿ ಸ್ಪ್ಯಾನಿಷ್ ಓದಿದ್ದ 733 ಜನರನ್ನು ಅವರು ಪರೀಕ್ಷೆ ಮಾಡಿದರು. ಅವರಲ್ಲಿ ಕೆಲವರು ಇನ್ನೂ ತರಗತಿಯಲ್ಲಿದ್ದವರು, ಕೆಲವರು ಓದು ಬಿಟ್ಟು ಐವತ್ತು ವರ್ಷವಾದವರು. 1984ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಕಲಿಕೆ ನಿಂತ ಮೊದಲ ಮೂರರಿಂದ ಆರು ವರ್ಷ ಮರೆವು ಜೋರಾಗಿರುತ್ತದೆ. ಅಷ್ಟರಲ್ಲಿ ಹೋಗುವುದೆಲ್ಲ ಹೋಗಿ, ಉಳಿದದ್ದು ಮೂವತ್ತು ವರ್ಷದವರೆಗೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಎಷ್ಟು ಉಳಿಯುತ್ತದೆ ಎಂಬುದು ಮೊದಲು ಎಷ್ಟು ಚೆನ್ನಾಗಿ ಕಲಿತಿದ್ದೆವು ಎಂಬುದರ ಮೇಲೆ ನಿಂತಿದೆ.

ಈ ಲೆಕ್ಕದಲ್ಲಿ ನಾನೀಗ ಮರೆವಿನ ವರ್ಷಗಳಲ್ಲಿದ್ದೇನೆ. ಸ್ಪೇನಿನ ವಲೆನ್ಸಿಯಾದಲ್ಲಿ ಕೆಲಸದ ಮೇಲೆ ಇದ್ದಾಗ ಸ್ಪ್ಯಾನಿಷ್ ಕಲಿತೆ. ಬೆಂಗಳೂರಿನ ಹುಳಿಮಾವಿನ ಮನೆಗೆ ಮರಳಿದ ಮೇಲೆ ಆ ಭಾಷೆ ದಿನಕ್ಕೊಂದಿಷ್ಟು ಸದ್ದಿಲ್ಲದೆ ಕಳಚಿಕೊಳ್ಳುತ್ತಿದೆ. ಮೊದಲು ಕ್ರಿಯಾಪದಗಳ ರೂಪಗಳು ಹೋದವು, ಆಮೇಲೆ ತರಕಾರಿಗಳ ಹೆಸರು. ಬನ್ನೇರುಘಟ್ಟ ರಸ್ತೆಯಲ್ಲಿ ಅದನ್ನು ಆಡುವುದಕ್ಕೆ ಯಾರಿದ್ದಾರೆ? ಹೋಗುವ ಮೊದಲೇ ಮನೆಯವರು ಕೇಳಿದ್ದರು: ವಾಪಸು ಬರುವವಳು, ಬಂದ ಮೇಲೆ ಮರೆಯುವವಳು, ಇಂಗ್ಲಿಷಿನಲ್ಲೇ ಸಾಗಿಸಿಬಿಡಬಾರದಾ? ಕೇಳಿದ್ದು ಪ್ರೀತಿಯಿಂದಲೇ. ಆದರೆ ಆ ಪ್ರಶ್ನೆಯ ಹಿಂದೆ ಇಡೀ ಬದುಕಿನ ಬಗ್ಗೆಯೇ ಒಂದು ನಂಬಿಕೆಯಿದೆ. ಉಳಿಯದ್ದಕ್ಕೆ ಬೆಲೆಯಿಲ್ಲ ಎಂಬ ನಂಬಿಕೆ. ನಾನು ಅದನ್ನು ಒಪ್ಪುವುದಿಲ್ಲ.

ವಲೆನ್ಸಿಯಾ ಮೆಡಿಟರೇನಿಯನ್ ದಂಡೆಯ ಊರು. ವರ್ಷಕ್ಕೆ ಮುನ್ನೂರು ದಿನ ಬಿಸಿಲು ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನಿದ್ದದ್ದು ಕಬಾನ್ಯಾಲ್ ಎಂಬ ಹಳೆಯ ಬೆಸ್ತರ ಕೇರಿಯಲ್ಲಿ. ಮುಂಗೋಡೆಗೆ ಬಣ್ಣಬಣ್ಣದ ಟೈಲ್ಸ್ ಹಾಕಿದ ಗಿಡ್ಡ ಮನೆಗಳು. ಬಿಸಿಲು ಇಳಿದ ಮೇಲೆ ವಯಸ್ಸಾದವರು ಕುರ್ಚಿ ತಂದು ಬೀದಿಯಲ್ಲೇ ಹಾಕಿಕೊಂಡು ಕೂರುತ್ತಿದ್ದರು. ತರಗತಿಯಲ್ಲಿ ಕಲಿತದ್ದನ್ನು ನಾನು ಪ್ರಯೋಗ ಮಾಡುತ್ತಿದ್ದದ್ದು ಈ ಕುರ್ಚಿಗಳ ನಡುವೆ. ನೆಲಮಹಡಿಯ ಅಜ್ಜಿಯೊಬ್ಬರು ನನಗೂ ಒಂದು ಕುರ್ಚಿ ಎಳೆದುಕೊಡುತ್ತಿದ್ದರು. ತಪ್ಪು ಆಡಿದರೆ ತಿದ್ದುತ್ತಿದ್ದರು, ಆದರೆ ಮಾತನ್ನು ಎಂದೂ ನಿಲ್ಲಿಸುತ್ತಿರಲಿಲ್ಲ.

ಒಂದು ಸಂಜೆ ಅವರು 1957ರ ನೆರೆಯ ಕತೆ ಹೇಳಿದರು. ಆ ವರ್ಷ ಅಕ್ಟೋಬರ್ 14ರಂದು ತೂರಿಯಾ ನದಿ ಉಕ್ಕಿ ಊರೊಳಗೆ ನುಗ್ಗಿತ್ತು, ಎಂಬತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಅಜ್ಜಿ ಆಗಿನ್ನೂ ಮಗು. ನೀರು ಇಳಿದ ಮೇಲೆ ಮನೆಯ ಕೆಸರನ್ನು ಅವರ ತಾಯಿ ಬಕೆಟ್ಟಿನಲ್ಲಿ ತುಂಬಿ ತುಂಬಿ ಹೊರಗೆ ಚೆಲ್ಲಿದ್ದು ಅವರಿಗೆ ನೆನಪಿತ್ತು. ಹೇಳುತ್ತಾ ಕೂತಲ್ಲೇ ಬಗ್ಗಿ ಬಕೆಟ್ ಎತ್ತುವ ಹಾಗೆ ಎರಡೂ ಕೈ ಆಡಿಸಿದರು. ಆಮೇಲೆ, "ನಿಮ್ಮೂರಲ್ಲಿ ನದಿ ಇದೆಯಾ ಮಗಳೇ?" ಎಂದು ಕೇಳಿದರು. ನದಿ ಇಲ್ಲ, ಕೆರೆ ಇದೆ ಎಂದೆ. 2019ರ ನವೆಂಬರ್ 24, ಭಾನುವಾರ ನಮ್ಮ ಹುಳಿಮಾವು ಕೆರೆ ಏರಿ ಒಡೆದದ್ದು, ನೂರಾರು ಮನೆಗಳಿಗೆ ನೀರು ನುಗ್ಗಿದ್ದು, ಬೀದಿಯಲ್ಲಿ ದೋಣಿ ತಂದು ಜನರನ್ನು ಕರೆದೊಯ್ದದ್ದು, ಎಲ್ಲವನ್ನೂ ಆಗಷ್ಟೇ ಕಲಿತಿದ್ದ ಭೂತಕಾಲದಲ್ಲಿ ಎಡವುತ್ತಾ ಹೇಳಿದೆ. ಮಳೆಯಿಲ್ಲದ ದಿನ ಬಂದ ನೆರೆ ಎಂದಾಗ ಅವರಿಗೆ ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿಸಿದರು. ಅರ್ಥವಾದಾಗ ನನ್ನ ಮೊಣಕೈ ಹಿಡಿದುಕೊಂಡರು.

ಆ ಸಂಜೆ ನಾನು ಬಳಸಿದ ಪದಗಳಲ್ಲಿ ಅರ್ಧ ಈಗ ನಾಲಿಗೆಗೆ ಬರುವುದಿಲ್ಲ. ಆದರೆ ಅವತ್ತಿನ ಮಾತು ಅವತ್ತೇ ಪೂರ್ತಿಯಾಗಿತ್ತು. ಮುಂದೆ ಮರೆತೆ ಎಂಬ ಕಾರಣಕ್ಕೆ ಅದರಲ್ಲಿ ಒಂದಕ್ಷರವೂ ಕಡಿಮೆಯಾಗುವುದಿಲ್ಲ. ಅನಿತ್ಯ ಎಂದರೆ ವ್ಯರ್ಥ ಎಂದು ನಾವು ಬಹಳ ಬೇಗ ಓದಿಕೊಂಡುಬಿಡುತ್ತೇವೆ. ಎರಡೂ ಬೇರೆ.

ಆ ಊರಿಗೆ ಇದು ಚೆನ್ನಾಗಿ ಗೊತ್ತು. ನೆರೆಯ ನಂತರ ನದಿಯನ್ನೇ ಊರಿನ ದಕ್ಷಿಣಕ್ಕೆ ತೋಡಿದ ಹೊಸ ಕಾಲುವೆಗೆ ತಿರುಗಿಸಿದರು. ಬರಿದಾದ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆ ಇತ್ತು. ಜನ ಹೋರಾಡಿ ಅದನ್ನು ತಪ್ಪಿಸಿ ಉದ್ಯಾನ ಮಾಡಿಸಿಕೊಂಡರು. ಇವತ್ತು ಹಳೆಯ ಸೇತುವೆಗಳ ಕೆಳಗೆ ಕಿತ್ತಳೆ ಮರಗಳಿವೆ, ಮಕ್ಕಳು ಸೈಕಲ್ ತುಳಿಯುತ್ತಾರೆ. ಮಾರ್ಚ್ ತಿಂಗಳ ಫಾಯಸ್ ಹಬ್ಬದಲ್ಲಿ ಕೇರಿಕೇರಿಯಲ್ಲೂ ಮರ, ಕಾಗದದ ಮನೆಯೆತ್ತರದ ಬೊಂಬೆಗಳನ್ನು ನಿಲ್ಲಿಸುತ್ತಾರೆ. ವರ್ಷವಿಡೀ ದುಡಿದು ಮಾಡಿದ ಆ ಬೊಂಬೆಗಳನ್ನು 19ರ ರಾತ್ರಿ ಸುಟ್ಟುಬಿಡುತ್ತಾರೆ. ನಮ್ಮ ಬೀದಿಯ ಗಣಪನನ್ನು ನೀರಿಗೆ ಬಿಡುವುದನ್ನು ಕಂಡು ಬೆಳೆದ ನನಗೆ ಅದು ಹೊಸದೆನಿಸಲಿಲ್ಲ. 1934ರಿಂದ ಜನರ ಮತದ ಮೇಲೆ ಒಂದು ಬೊಂಬೆಗೆ ಬೆಂಕಿಯಿಂದ ಮಾಫಿ ಸಿಗುತ್ತದೆ, ಅದನ್ನು ವಸ್ತುಸಂಗ್ರಹಾಲಯದಲ್ಲಿ ಇಡುತ್ತಾರೆ. ಹೋಗಿ ನೋಡಿದೆ. ಸುಟ್ಟವುಗಳ ಮುಂದೆ ನಿಂತಾಗ ಆದದ್ದರಲ್ಲಿ ಒಂದು ಪಾಲೂ ಅಲ್ಲಿ ಆಗಲಿಲ್ಲ. ಉಳಿಸಿಕೊಂಡ ಮಾತ್ರಕ್ಕೆ ಯಾವುದೂ ದೊಡ್ಡದಾಗುವುದಿಲ್ಲ.

2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಪ್ರಾಂತ್ಯದಲ್ಲಿ ಮತ್ತೆ ನೆರೆ ಬಂತು. ಹೊಸ ಕಾಲುವೆ ನಗರವನ್ನು ಕಾಯಿತು. ಆದರೆ ಅದರ ದಕ್ಷಿಣದ ಪೈಪೋರ್ತಾದಂಥ ಊರುಗಳು ಮುಳುಗಿದವು, ಇನ್ನೂರಕ್ಕೂ ಹೆಚ್ಚು ಜನ ಹೋದರು. ಹುಳಿಮಾವಿನಲ್ಲಿ ಕೂತು ಅಲ್ಲಿನ ಪತ್ರಿಕೆಗಳನ್ನು ಫೋನಿನಲ್ಲಿ ಓದಿದೆ. ಕೆಸರು, ಬಕೆಟ್ಟು, ನೆರೆ: ಆ ಅಜ್ಜಿ ಕೊಟ್ಟ ಪದಗಳೇ ಸಾಲುಸಾಲಾಗಿ ಎದುರಾದವು, ಒಂದಕ್ಕೂ ನಿಘಂಟು ಬೇಕಾಗಲಿಲ್ಲ. ಬಾರಿಕ್ ಹೇಳಿದ ಆ ಉಳಿಕೆ ಇದೇ ಇರಬೇಕು. ಯಾವುದು ಉಳಿಯಬೇಕು ಎಂದು ನಾನು ಆರಿಸಿರಲಿಲ್ಲ.

ನಮ್ಮ ಕರಾವಳಿಯಲ್ಲೂ ಹೀಗೆ ಬಂದು ಕಲಿತು ಹೋದವರಿದ್ದಾರೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು ಕನ್ನಡ ಕಲಿತರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಿಲ್ಲ. ಆದರೆ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ತಂದವರು ಅವರೇ. ಕನ್ನಡದ ಆ ಮೊದಲ ಪತ್ರಿಕೆ ಮಂಗಳೂರಿನಲ್ಲಿ ಒಂದು ವರ್ಷವೂ ನಿಲ್ಲಲಿಲ್ಲ, ಮರುವರ್ಷ ಬಳ್ಳಾರಿಗೆ ಹೋಯಿತು. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದರು, ಮತ್ತೆ ಈ ಕಡೆ ಬರಲಿಲ್ಲ. 1881ರಲ್ಲಿ ತೀರಿಕೊಂಡರು. ಬಂದವರು ಹೋದರು, ಪತ್ರಿಕೆಯೂ ನಿಂತಿತು. ಆದರೂ ಇವತ್ತಿಗೂ ಜುಲೈ 1 ನಮಗೆ ಪತ್ರಿಕಾ ದಿನ. ಮೊದಲ ಕನ್ನಡ ಪದಗಳನ್ನು ತಿದ್ದಿಸಿಕೊಳ್ಳುವಾಗ ಮೋಗ್ಲಿಂಗ್ ಅವರಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. ಅವರಿಗೆ ಅವತ್ತಿನ ಮಟ್ಟಿಗೆ ಎದುರಿದ್ದವರ ಜೊತೆ ಮಾತಾಡಬೇಕಿತ್ತು, ಅಷ್ಟೆ.

ಹುಳಿಮಾವಿನ ನಮ್ಮ ಬೀದಿಯಲ್ಲಿ ಈಗ ಮೂರು ಮನೆಗೊಂದು ಪಿಜಿ ಇದೆ. ಪಟ್ನಾದಿಂದ, ಕೊಚ್ಚಿಯಿಂದ, ಗುವಾಹಟಿಯಿಂದ ಬಂದ ಹುಡುಗ ಹುಡುಗಿಯರು. ಕೆಲಸ ಬದಲಾದರೆ ವೈಟ್‌ಫೀಲ್ಡ್, ಇಲ್ಲವೇ ಪುಣೆ. ಕನ್ನಡ ಕಲಿಯಿರಿ ಎಂದರೆ ಅವರೂ ನಮ್ಮ ಮನೆಯವರ ಹಾಗೇ ಕೇಳುತ್ತಾರೆ: ಇರುವುದೇ ಎರಡು ವರ್ಷ, ಯಾಕೆ? ನಾವೂ ಹಾಗೇ ಲೆಕ್ಕ ಹಾಕಿ, ಹೇಗಿದ್ದರೂ ಹೋಗುವವರು ಎಂದು ಹಿಂದಿಗೋ ಇಂಗ್ಲಿಷಿಗೋ ಹೊರಳಿಬಿಡುತ್ತೇವೆ. ಅವರಿಗೆ ಕನ್ನಡ ಬರುವುದಿಲ್ಲ ಎಂದು ಆಮೇಲೆ ದೂರುತ್ತೇವೆ. ಕಬಾನ್ಯಾಲಿನ ಆ ಅಜ್ಜಿ, ನಾನು ಎಷ್ಟು ದಿನ ಇರುತ್ತೇನೆ ಎಂದು ಕೇಳಿ ಕುರ್ಚಿ ಕೊಟ್ಟವರಲ್ಲ.

ನಿಮ್ಮ ಮೇಲಿನ ಮನೆಗೆ ಹೊಸ ಬಾಡಿಗೆಯವರು ಬಂದಿದ್ದರೆ, ಅವರು ಆರು ತಿಂಗಳಿಗೆ ಬಂದವರಾದರೂ ಸರಿ, ಕನ್ನಡದಲ್ಲೇ ಮಾತಾಡಿಸಿ. ನಿಧಾನವಾಗಿ ಆಡಿ, ತಪ್ಪಿದರೆ ತಿದ್ದಿ, ಮಾತು ನಿಲ್ಲಿಸಬೇಡಿ.