ಓಟದ ಸ್ಪರ್ಧೆಯೂ ಭಾವಹಿಂಸೆಯೂ

ಕಾಲೇಜು ಬಿಟ್ಟು, ಉದ್ಯೋಗ ಹಿಡಿದು, ಸಂಸಾರದ ಹೊಣೆ ಹೊತ್ತ ಮೇಲೂ ಮುಂಜಾನೆ ಐದಕ್ಕೆ ಎದ್ದು ಬೀದಿಯಲ್ಲಿ ಓಡುವವನನ್ನು ಕಂಡರೆ ಮನೆಯ ಹಿರಿಯರಿಗೆ ಸಂಶಯ ಬರುವುದು ಸಹಜ. ಆರೋಗ್ಯಕ್ಕಾಗಿ ಎಂದರೆ ಅವರು ಒಪ್ಪುತ್ತಾರೆ. ಆದರೆ ಕೈಗಡಿಯಾರ ನೋಡಿಕೊಂಡು, ಕಳೆದ ವಾರಕ್ಕಿಂತ ಹತ್ತು ಸೆಕೆಂಡು ತಡವಾಯಿತೆಂದು ಮುಖ ಬಾಡಿಸಿಕೊಂಡು ಮನೆಗೆ ಬರುವವನದು ಆರೋಗ್ಯದ ಮಾತಲ್ಲವೆಂದು ಅವರು ಬಲ್ಲರು. ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದ ನಮ್ಮ ದೊಡ್ಡಪ್ಪನವರು ಒಮ್ಮೆ ನೇರವಾಗಿಯೇ ಕೇಳಿದರು: “ಯಾರನ್ನು ಸೋಲಿಸೋದಕ್ಕೆ ಓಡ್ತೀಯಪ್ಪಾ? ಗೆದ್ದರೆ ಏನು ಕೊಡ್ತಾರೆ?” ಎರಡನೆಯ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಓಟ ಮುಗಿಸಿದವರಿಗೆಲ್ಲ ಹಂಚುವ ಒಂದು ಪದಕವನ್ನು ಬಿಟ್ಟರೆ ನಮ್ಮಂಥವರಿಗೆ ಏನನ್ನೂ ಕೊಡುವುದಿಲ್ಲ. ನಾವೇ ಶುಲ್ಕ ತೆತ್ತು ಓಡುತ್ತೇವೆ. ಮೊದಲನೆಯ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಕಾಲೇಜಿನ ದಿನಗಳಲ್ಲಿ ಇಂಥ ಪ್ರಶ್ನೆಯೇ ಏಳುತ್ತಿರಲಿಲ್ಲ. ಹತ್ತು ಸಾವಿರ ಮೀಟರ್ ಓಟವೆಂದರೆ 400 ಮೀಟರಿನ ಪಥದಲ್ಲಿ 25 ಸುತ್ತು; ಎದುರಾಳಿಗಳು ಹತ್ತು ಹದಿನೈದು ಮಂದಿ, ಎಲ್ಲರೂ ಹೆಸರು ಹಿಡಿದು ಕರೆಯುವಷ್ಟು ಪರಿಚಿತರು; ಗೆದ್ದರೆ ಕಾಲೇಜಿಗೆ ಅಂಕ. ಪದವಿ ಮುಗಿದಂದೇ ತರಬೇತುದಾರರು, ಗೆಳೆಯರು, ಅಂಕ ಎಲ್ಲವೂ ಮುಗಿದವು. ಉಳಿದದ್ದು ರಸ್ತೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದಂತಹ ಸ್ಪರ್ಧೆಗಳಲ್ಲಿ ಹವ್ಯಾಸಿಗಳು ಸಾವಿರಗಟ್ಟಲೆ ಸೇರುತ್ತಾರೆ. ಅಷ್ಟು ಜನರ ನಡುವೆ ಗೆಲುವೆಂಬ ಮಾತಿಗೆ ಅರ್ಥವಿಲ್ಲದ ಕಾರಣ ಹವ್ಯಾಸಿಯು ತನಗೆ ತಾನೇ ಒಂದು ಅಂಕೆಯನ್ನು ಕಟ್ಟಿಕೊಳ್ಳುತ್ತಾನೆ. ನನ್ನದು 40 ನಿಮಿಷ. ಕಿಲೋಮೀಟರಿಗೆ ನಾಲ್ಕು ನಿಮಿಷ. ಇದೇ ದೂರವನ್ನು 27 ನಿಮಿಷದ ಒಳಗೆ ಮುಗಿಸಿದ ಮಹಾನ್ ಓಟಗಾರರಿರುವಾಗ ಇದೇನೂ ಹೇಳಿಕೊಳ್ಳುವ ಸಾಧನೆಯಲ್ಲ. ಆದರೂ ಅದಕ್ಕಾಗಿ ವರ್ಷಗಟ್ಟಲೆ ಬೆಳಗಿನ ನಿದ್ರೆ ಬಿಟ್ಟೆ. ಸಂಜೆ ಓಡಿದರೆ ಊಟ ಸೂರ್ಯಾಸ್ತವನ್ನು ದಾಟುತ್ತದೆಂದು ಅಭ್ಯಾಸವನ್ನೆಲ್ಲ ಬೆಳಗಿಗೇ ಇಟ್ಟುಕೊಂಡಿದ್ದೆ. ಅಷ್ಟರಮಟ್ಟಿಗೆ ನಿಯಮ ಉಳಿಯಿತೆಂದು ಸಮಾಧಾನಪಟ್ಟದ್ದೂ ಉಂಟು.

ಅಂಕೆಯ ಬೆನ್ನು ಹತ್ತುವುದೂ ಒಂದು ಪರಿಗ್ರಹವಲ್ಲವೇ ಎಂದು ವಾಚಕರು ಕೇಳಬಹುದು. ಅಹುದು. ಆದರೆ ಆ ಅಂಕೆ ಹುಟ್ಟುವ ಬಗೆಯನ್ನು ಮೊದಲು ಹೇಳಬೇಕು. ರಸ್ತೆ ಓಟದ ದೂರವನ್ನು ಅಳೆಯುವುದು ಸೈಕಲ್ಲಿನಿಂದ. ಮುಂದಿನ ಚಕ್ರಕ್ಕೆ ‘ಜೋನ್ಸ್ ಕೌಂಟರ್’ ಎಂಬ ಎಣಿಕೆಯ ಸಾಧನವನ್ನು ಜೋಡಿಸುತ್ತಾರೆ. ಉಕ್ಕಿನ ಪಟ್ಟಿಯಿಂದ ಅಳೆದ ನೇರ ದಾರಿಯಲ್ಲಿ ಮೊದಲು ಆ ಸೈಕಲ್ಲನ್ನೇ ಪರೀಕ್ಷಿಸಿ, ಬಳಿಕ ಓಟದ ದಾರಿಯಲ್ಲಿ ತುಳಿಯುತ್ತಾರೆ. ಓಟಗಾರನು ಹಿಡಿಯಬಹುದಾದ ಅತ್ಯಂತ ಹತ್ತಿರದ ದಾರಿಯನ್ನೇ, ತಿರುವುಗಳಲ್ಲಿ ಅಂಚುಗಲ್ಲಿನಿಂದ 30 ಸೆಂಟಿಮೀಟರ್ ಬಿಟ್ಟು, ಅಳೆಯಬೇಕು. ಇಷ್ಟಾದ ಮೇಲೆ ಸಾವಿರ ಮೀಟರಿಗೆ ಒಂದು ಮೀಟರಿನಂತೆ ಹೆಚ್ಚಿಗೆ ಸೇರಿಸುತ್ತಾರೆ. ಹತ್ತು ಕಿಲೋಮೀಟರ್ ಎಂದು ಸಾರಿದ ದಾರಿ ಅಳತೆಯಲ್ಲಿ 10,010 ಮೀಟರ್ ಇರುತ್ತದೆ. ಅಳತೆಯಲ್ಲಿ ತಪ್ಪಿದ್ದರೂ ದೂರ ಕಡಿಮೆಯಾಗಿ ಯಾರಿಗೂ ಸುಳ್ಳು ಕೀರ್ತಿ ದಕ್ಕಬಾರದೆಂಬ ಎಚ್ಚರಿಕೆಯಿದು. ಇದನ್ನು ಕೇಳಿ ದೊಡ್ಡಪ್ಪನವರ ಮುಖ ಅರಳಿತು. “ಇದು ಕೊಸರು ಅಲ್ಲವೇನಯ್ಯಾ!” ಎಂದರು. ತೂಕವಾದ ಮೇಲೆ ಒಂದು ಹಿಡಿ ಬೇಳೆಯನ್ನು ಗಿರಾಕಿಯ ಚೀಲಕ್ಕೆ ಹಾಕದೆ ಅವರು ತಕ್ಕಡಿ ಇಳಿಸಿದವರಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ-ತೂಕದ ಮೋಸವೂ ಒಂದೆಂದು ನಮ್ಮ ಆಚಾರ್ಯರು ಎಣಿಸಿರುವುದನ್ನು ಅಂಗಡಿಯಲ್ಲಿ ಕುಳಿತು ಕಲಿತವರು ಅವರು.

ದಾರಿಯಲ್ಲಿ ಇಷ್ಟು ಪ್ರಾಮಾಣಿಕತೆಯಿದ್ದರೂ ಓಡುವವರಲ್ಲಿ ಅದು ಇದ್ದೇ ಇರುತ್ತದೆಂದು ಹೇಳಲಾಗದು. ದೊಡ್ಡ ಓಟಗಳಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲಬೇಕಾದರೆ ಹಿಂದಿನ ಓಟದ ಸಮಯವನ್ನು ತೋರಿಸಬೇಕಾಗುತ್ತದೆ. ಇದಕ್ಕಾಗಿ ನನ್ನ ಪರಿಚಿತರೊಬ್ಬರು, ಒಳ್ಳೆಯ ಮನೆತನದವರೇ, ತಮ್ಮ ಅಂಕಿಯ ಚೀಟಿಯನ್ನು ಎದೆಗೆ ಕಟ್ಟಿಕೊಂಡು ತಮ್ಮ ಬದಲು ಓಡುವಂತೆ ನನ್ನನ್ನು ಕೇಳಿದರು. ಯಾರಿಗೂ ನಷ್ಟವಿಲ್ಲವೆಂಬುದು ಅವರ ವಾದ. ನಾನು ಒಲ್ಲೆನೆಂದೆ, ಅವರು ಬೇರೊಬ್ಬರನ್ನು ಹುಡುಕಿಕೊಂಡರು. ಇದು ಕಳ್ಳತೂಕವೆನ್ನಲು ಹೆಚ್ಚಿನ ವಿಚಾರ ಬೇಕಾಗಿಲ್ಲ. ಇದರಲ್ಲಿ ತೊಡಕೇ ಇಲ್ಲ. ಆಗ ನಾನು ನನ್ನ ಸತ್ಯನಿಷ್ಠೆಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಅದರ ಬೆಲೆ ಎಷ್ಟೆಂದು ತಿಳಿದದ್ದು ಮುಂದೆ.

2014ರ ಮೇ ತಿಂಗಳ ಬೆಂಗಳೂರಿನ ಓಟ. ಕಂಠೀರವ ಕ್ರೀಡಾಂಗಣದಿಂದ ಹೊರಟ ಗುಂಪು ಎರಡನೆಯ ಕಿಲೋಮೀಟರಿನಲ್ಲಿ ತೆಳುವಾಯಿತು. ನನಗಿಂತ ಹತ್ತು ಹೆಜ್ಜೆ ಮುಂದೆ ನೀಲಿ ಅಂಗಿಯ ಒಬ್ಬ ವ್ಯಕ್ತಿ ನಾಲ್ಕು ನಿಮಿಷಕ್ಕೊಂದು ಕಿಲೋಮೀಟರಿನಂತೆ ಗಡಿಯಾರದ ಹಾಗೆ ಓಡುತ್ತಿದ್ದರು. ನಾನು ಅವರ ಬೆನ್ನಿಗೆ ಅಂಟಿಕೊಂಡೆ. ಮುಂದಿರುವವನ ಹಿಂದೆ ಓಡುವುದರಲ್ಲಿ ಗಾಳಿಯ ತಡೆ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ವೇಗವನ್ನು ನಿರ್ಣಯಿಸುವ ಶ್ರಮವನ್ನು ಅವನು ನಮ್ಮಿಂದ ಇಳಿಸಿಕೊಂಡಿರುತ್ತಾನೆ. ಆರು ಕಿಲೋಮೀಟರ್ ಹೀಗೆ ಸಾಗಿತು. ಎಂಟನೆಯದು ಮುಗಿಯುವ ಹೊತ್ತಿಗೆ ಬಿಸಿಲೇರಿ ನನ್ನ ಉಸಿರು ಕಟ್ಟತೊಡಗಿತ್ತು. ಆಗ ಆ ವ್ಯಕ್ತಿ ಥಟ್ಟನೆ ತೊಡೆಯನ್ನು ಹಿಡಿದುಕೊಂಡು ಕುಂಟಿದರು. ಸ್ನಾಯು ಸೆಳೆತವಿರಬೇಕು.

ಆ ಕ್ಷಣ ನನ್ನಲ್ಲಿ ಉಕ್ಕಿದ್ದು ಸಂತೋಷ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವರನ್ನು ದಾಟುವಾಗ ಕಾಲಿಗೆ ಹೊಸ ಬಲ ಬಂದಂತಾಯಿತು. ಓಟದ ನಿಯಮಗಳಲ್ಲಿ ಇದು ಅಪರಾಧವಲ್ಲ. ನಾನು ಅವರನ್ನು ತಳ್ಳಲಿಲ್ಲ, ಅಡ್ಡ ಬರಲಿಲ್ಲ. ಆದರೆ ದ್ರವ್ಯಹಿಂಸೆ ಬೇರೆ, ಭಾವಹಿಂಸೆ ಬೇರೆ ಎಂಬ ಪಾಠವನ್ನು ಎಳವೆಯಿಂದ ಕೇಳಿಕೊಂಡು ಬಂದವನು ಇಲ್ಲಿ ನಿಯಮಪುಸ್ತಕದ ಹಿಂದೆ ಅಡಗುವಂತಿಲ್ಲ. ಆರು ಕಿಲೋಮೀಟರ್ ನನ್ನನ್ನು ಕರೆದೊಯ್ದವರ ನೋವು ನನಗೆ ಲಾಭವಾಗಿ ಕಂಡಿತ್ತು. ಲಾಭವಾದರೂ ಏನು? ಮುಗಿಸಿದ ಸಮಯ 40 ನಿಮಿಷ 11 ಸೆಕೆಂಡು.

ಇದರ ಹಿಂದಿನ ಒಂದು ಸಂಗತಿ ಆ ರಾತ್ರಿ ನೆನಪಾಯಿತು. 2012ರ ಡಿಸೆಂಬರಿನಲ್ಲಿ ಸ್ಪೇನ್ ದೇಶದ ಬುರ್ಲಾದಾ ಎಂಬಲ್ಲಿ ನಡೆದ ಗುಡ್ಡಗಾಡು ಓಟದಲ್ಲಿ ಕೆನ್ಯಾದ ಆಬೆಲ್ ಮುತಾಯಿ ಎಲ್ಲರಿಗಿಂತ ಮುಂದಿದ್ದರು. ಅದೇ ವರ್ಷದ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಪಡೆದವರು. ಗುರಿಯ ಗೆರೆಯನ್ನು ದಾಟಿದೆನೆಂದು ತಪ್ಪಾಗಿ ತಿಳಿದು ಅವರು ಮೊದಲೇ ನಿಂತುಬಿಟ್ಟರು. ಹಿಂದಿದ್ದ ಸ್ಪೇನಿನ ಇವಾನ್ ಫೆರ್ನಾಂದೆಸ್ ಅನಾಯಾ ಸುಲಭವಾಗಿ ದಾಟಿ ಗೆಲ್ಲಬಹುದಾಗಿತ್ತು. ಅವರು ದಾಟಲಿಲ್ಲ, ಭಾಷೆ ತಿಳಿಯದ ಮುತಾಯಿಗೆ ಸನ್ನೆಯಿಂದ ದಾರಿ ತೋರಿ, ಅವರ ಹಿಂದೆಯೇ ನಡೆದು ಎರಡನೆಯವರಾದರು. ಅವರ ತರಬೇತುದಾರ ಮಾರ್ತಿನ್ ಫಿಸ್, 1995ರಲ್ಲಿ ಮ್ಯಾರಥಾನಿನ ವಿಶ್ವ ಚಾಂಪಿಯನ್ ಆದವರು, ತಾನಾಗಿದ್ದರೆ ಆ ಅವಕಾಶವನ್ನು ಬಳಸಿಕೊಳ್ಳುತ್ತಿದ್ದೆನೆಂದರು. ಜಗತ್ತು ಅನಾಯಾರನ್ನು ಹೊಗಳಿತು. ಆದರೆ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಅವರ ಬಳಿಕದ ಮಾತು. ಯುರೋಪಿನ ಅಥವಾ ವಿಶ್ವಮಟ್ಟದ ಪದಕವೇ ಪಣವಾಗಿದ್ದರೆ ಬಹುಶಃ ಬೇರೆ ರೀತಿ ವರ್ತಿಸುತ್ತಿದ್ದೆನೆಂದು ಅವರು ಒಪ್ಪಿಕೊಂಡರು. ಹೊಗಳಿಕೆಯ ಮಧ್ಯದಲ್ಲಿ ನಿಂತು ತನ್ನ ಒಳ್ಳೆಯತನಕ್ಕೂ ಒಂದು ಎಲ್ಲೆಯಿದೆಯೆಂದು ಹೇಳುವುದು ಸಾಮಾನ್ಯವಲ್ಲ.

ಆದರೆ ಆ ಮಾತೇ ನನ್ನಂಥವನನ್ನು ಇನ್ನಷ್ಟು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಪದಕಕ್ಕಾಗಿ, ಜೀವನೋಪಾಯಕ್ಕಾಗಿ ಓಡುವವನ ಆಸೆಗೆ ಒಂದು ಕಾರಣವಾದರೂ ಇದೆ. ಏನೂ ದಕ್ಕದ ಹವ್ಯಾಸಿಯ ಮಾನಕಷಾಯಕ್ಕೆ ಯಾವ ನೆಪವಿದೆ? ಹಾಗಿದ್ದರೆ ಸ್ಪರ್ಧೆಯನ್ನೇ ಬಿಟ್ಟು ಒಬ್ಬನೇ ಓಡಬಾರದೇ ಎಂದು ನನ್ನ ಮಡದಿ ಕೇಳಿದಳು. ನನಗೆ ಹಾಗೆನಿಸುವುದಿಲ್ಲ. ಭರತ-ಬಾಹುಬಲಿಯರ ಪ್ರಸಂಗದಲ್ಲಿ ಎರಡು ಸೇನೆಗಳ ರಕ್ತಪಾತವನ್ನು ತಪ್ಪಿಸಲೆಂದೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಏರ್ಪಟ್ಟವು. ಸ್ಪರ್ಧೆಯೇ ಹಿಂಸೆಯಾಗಿದ್ದರೆ ಹಿಂಸೆಯನ್ನು ತಡೆಯಲು ಅದನ್ನು ಬಳಸುತ್ತಿರಲಿಲ್ಲ. ಅಲ್ಲದೆ ಒಬ್ಬನೇ ಓಡಿದ್ದರೆ ನಾನು ಎಂಟನೆಯ ಕಿಲೋಮೀಟರನ್ನು ಆ ವೇಗದಲ್ಲಿ ಮುಟ್ಟುತ್ತಲೇ ಇರಲಿಲ್ಲ. ಎದುರಾಳಿ ಎಂಬ ಶಬ್ದವೇ ತಪ್ಪೇನೋ. ಆತ ಎದುರಿಗಿರುವುದಿಲ್ಲ, ನಾನು ಹೋಗುವ ದಿಕ್ಕಿಗೇ ಹೋಗುತ್ತಿರುತ್ತಾನೆ. ದಾಟುವುದು ಆಟದ ಧರ್ಮ. ಕುಂಟಿದ್ದಕ್ಕೆ ಹಿಗ್ಗುವುದು ಆಟದೊಳಗಿನದಲ್ಲ, ಅದನ್ನು ನಾನು ಮನೆಯಿಂದ ಹೊತ್ತು ತಂದಿದ್ದೆ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಇದೆಲ್ಲವನ್ನೂ ದೊಡ್ಡಪ್ಪನವರಿಗೆ ಹೇಳಿದೆ. ಅವರು ನಡುವೆ ಮಾತನಾಡದೆ ಕೇಳಿದರು. ಮಾನ, ಪರಿಗ್ರಹ ಎಂದು ನಾನು ಶಬ್ದಗಳನ್ನು ಪೋಣಿಸುತ್ತಿದ್ದಾಗ ಕೈಯೆತ್ತಿ ತಡೆದರು.

“ಅದಿರಲಿ. ಕಾಲು ಹಿಡಕೊಂಡರಲ್ಲ, ಅವರು ಆಮೇಲೆ ಮುಗಿಸಿದರೇನಪ್ಪಾ?”

ನನಗೆ ಗೊತ್ತಿರಲಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಹುಡುಕೋಣವೆಂದರೆ ಅಂಕಿಯ ಚೀಟಿ ಇರುವುದು ಎದೆಯ ಮೇಲೆ. ಆರು ಕಿಲೋಮೀಟರ್ ನಾನು ನೋಡಿದ್ದು ಅವರ ಬೆನ್ನನ್ನು. ದಾಟುವಾಗ ನೋಡಿದ್ದು ಗಡಿಯಾರವನ್ನು.